ಉಗಿದೋಣಿಯ ಪಾಡು ಮತ್ತು ಪರಾಕ್ರಮ

 

ಹೋದ ಸಲದ ಗೋಡೆ ಪತ್ರಿಕೆಯಲ್ಲಿ ಒಬ್ಬರು ಪ್ರವಾಸದ ಬಗ್ಗೆ, ಇನ್ನೊಬ್ಬರು ತಮ್ಮ ಮನೆಯ ಎತ್ತಿನ ಬಗ್ಗೆ ಬರೆದಿದ್ದರು. ನಾನು ಒಂದು ದೋಣಿಯ ಬಗ್ಗೆ ಬರೆಯುತ್ತೇನೆ. "ಕುಡ್ಯಾಕ ನೀರ ಸಾಲೂದಿಲ್ಲ, ಇಕಿ ದೋಣಿ ಬಗ್ಗೆ ಬರ್ಯಾಕ ಹೊಂಟಾಳ" ಎಂದು ನಗಬೇಡಿರಿ. ಇದು ಒಂದು ಗೇಣು ಉದ್ದದ ತಗಡಿನ ದೋಣಿ. ಇದಕ್ಕೆ ಹುಟ್ಟು ಇಲ್ಲ, ಹಾಯಿ ಇಲ್ಲ, ಚಾವಿ ಇಲ್ಲ, ಸೆಲ್ಲು ಇಲ್ಲ. ಹೊಟ್ಟೆಯಲ್ಲಿ ಎರಡು ಚಮಚ ನೀರು, ಅದರ ಕೆಳಗೆ ಒಂದು ಬತ್ತಿ ಇದ್ದರೆ ಸಾಕು, ತಾನೇ ಓಡುತ್ತದೆ. ಓಡುವಾಗ ಪಟಪಟಪಟ ಎಂದು ಸಪ್ಪಳ ಮಾಡುತ್ತದೆ. ಅದಕ್ಕೇ ನಮ್ಮ ಮನೆಯಲ್ಲಿ ಅದಕ್ಕೆ ಪಟಪಟಿ ದೋಣಿ ಎಂದು ಹೆಸರು.

ಈ ದೋಣಿಯನ್ನು ನನ್ನ ಅಜ್ಜ ಗದಗಿನ ತೋಂಟದಾರ್ಯ ಜಾತ್ರೆಯಲ್ಲಿ ಕೊಡಿಸಿದ. ಅಜ್ಜ ಹರೆಯದಲ್ಲಿ ಗದಗ ಸ್ಟೇಶನ್ನಿನಲ್ಲಿ ಹಮಾಲಿ ಮಾಡಿದವನು. ಹತ್ತಿ ಅಂಡಿಗೆ, ಶೇಂಗಾ ಚೀಲ ಎಲ್ಲಾ ಹೊತ್ತಿದ್ದಾನೆ. ಆಗ ಕಲ್ಲಿದ್ದಲು ಉರಿಸುವ ಉಗಿಬಂಡಿಗಳು ಇದ್ದವು. ಈಗ ಸಕ್ಕರೆ ಬ್ಯಾನಿಯಿಂದ ಅಜ್ಜನ ಕಣ್ಣು ಮಂಜಾಗಿವೆ. ಒಂದು ಕಣ್ಣಿನ ಆಪರೇಶನ್ ಆಗಿದೆ, ಆದರೂ ಅವನಿಗೆ ಬೆಳಕು ಮತ್ತು ನೆರಳು ಅಷ್ಟೇ ತಿಳಿಯುತ್ತವೆ. ಜಾತ್ರೆಯಲ್ಲಿ ನಾನು ಅವನ ಕೈ ಹಿಡಿದುಕೊಂಡು ನಡೆಯುತ್ತಿದ್ದೆ. ಅಷ್ಟು ಗದ್ದಲದಲ್ಲೂ ಅವನು ಗಕ್ಕನೆ ನಿಂತು, "ಯವ್ವಾ, ಅದೇನ ಸಪ್ಪಳಾ? ಎಂಜಿನ್ ಉಸಿರು ಬಿಟ್ಟಂಗ ಕೇಳಸ್ತೈತಿ" ಅಂದ. ನೋಡಿದರೆ ಒಬ್ಬ ಆಟಿಗೆ ಮಾರುವವನು ಬುಟ್ಟಿಯ ನೀರಿನಲ್ಲಿ ದೋಣಿ ಬಿಟ್ಟುಕೊಂಡು ಕುಳಿತಿದ್ದ. ಅಜ್ಜ ತನ್ನ ಪಗಾರದ ರೊಕ್ಕದಲ್ಲಿ 80 ರೂಪಾಯಿ ಕೊಟ್ಟು ಅದನ್ನು ಕೊಂಡ. ಪಗಾರ ಅಂದರೆ ಅವನಿಗೆ ಸರಕಾರದಿಂದ ಬರುವ ವೃದ್ಧಾಪ್ಯ ವೇತನ.

ಈ ದೋಣಿ ಹೇಗೆ ಓಡುತ್ತದೆ ಎಂದು ಮೊದಲು ಹೇಳುತ್ತೇನೆ. ಅದು ತಿಳಿದರೆ ಮುಂದಿನ ತ್ರಾಸುಗಳು ತಿಳಿಯುತ್ತವೆ. ದೋಣಿಯ ನಡುವೆ ಬೆಂಕಿಪೆಟ್ಟಿಗೆಗಿಂತ ಸಣ್ಣದಾದ ಒಂದು ಚಪ್ಪಟೆ ಡಬ್ಬಿ ಇರುತ್ತದೆ. ಅದರಿಂದ ಎರಡು ಸಣ್ಣ ಕೊಳವೆಗಳು ಹಿಂದಕ್ಕೆ ಹೋಗಿ ನೀರಿನೊಳಗೆ ತೆರೆದುಕೊಳ್ಳುತ್ತವೆ. ಡಬ್ಬಿ, ಕೊಳವೆ ಎರಡರಲ್ಲೂ ನೀರು ತುಂಬಬೇಕು. ಕೆಳಗೆ ಬತ್ತಿ ಹಚ್ಚಿದರೆ ಡಬ್ಬಿಯ ನೀರು ಉಗಿಯಾಗುತ್ತದೆ. ನೀರು ಉಗಿಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಅದಕ್ಕೆ ಜಾಗ ಸಾಲದೆ ಕೊಳವೆಯಲ್ಲಿರುವ ನೀರನ್ನು ಹಿಂದಕ್ಕೆ ನೂಕುತ್ತದೆ. ನೀರು ಹಿಂದಕ್ಕೆ, ದೋಣಿ ಮುಂದಕ್ಕೆ. ಇದು ನ್ಯೂಟನ್ನರ ಮೂರನೆಯ ನಿಯಮ. ಆಮೇಲೆ ಉಗಿ ಕೊಳವೆಯ ತಣ್ಣನೆಯ ಭಾಗಕ್ಕೆ ಬಂದು ಮತ್ತೆ ನೀರಾಗುತ್ತದೆ. ಆಗ ಒಳಗೆ ಒತ್ತಡ ಕಡಿಮೆಯಾಗಿ ಹೊರಗಿನ ನೀರು ಒಳಗೆ ಬರುತ್ತದೆ. ಮತ್ತೆ ಕಾಯುತ್ತದೆ, ಮತ್ತೆ ನೂಕುತ್ತದೆ. ಒಂದು ಸೆಕೆಂಡಿನಲ್ಲೇ ಇದು ಹಲವು ಸಲ ನಡೆಯುತ್ತದೆ. ಡಬ್ಬಿಯ ಮೇಲ್ಭಾಗದಲ್ಲಿ ಬಹಳ ತೆಳುವಾದ ತಗಡು ಇರುತ್ತದೆ. ಅದು ಉಬ್ಬಿ ತಗ್ಗಿ, ಉಬ್ಬಿ ತಗ್ಗಿ ಪಟಪಟ ಎನ್ನುತ್ತದೆ.

ಇಲ್ಲಿ ನನ್ನ ಗೆಳತಿ ಒಂದು ಪ್ರಶ್ನೆ ಕೇಳಿದಳು. "ನೀರು ಹೊರಗ ಹೋದಾಗ ದೋಣಿ ಮುಂದ ಹೋಕ್ಕೈತಿ. ಹಂಗಾರ ಒಳಗ ಬಂದಾಗ ಹಿಂದ ಬರಬೇಕಲ್ಲ?" ಪ್ರಶ್ನೆ ಚಲೋ ಐತಿ. ನಾನು ವಿಜ್ಞಾನದ ಗುರುಗಳನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ, ಒಂದು ಮೇಣದಬತ್ತಿ ಹಚ್ಚಿ, "ಒಂದು ಮೊಳ ದೂರದಿಂದ ಊದಿ ಆರಿಸು" ಅಂದರು. ಆರಿತು. "ಈಗ ಅಷ್ಟೇ ದೂರದಿಂದ ಉಸಿರು ಒಳಗೆ ಎಳೆದು ಆರಿಸು" ಅಂದರು. ಎಷ್ಟು ಎಳೆದರೂ ಜ್ವಾಲೆ ಅಲುಗಾಡಲಿಲ್ಲ. ಊದಿದ ಗಾಳಿ ಒಂದೇ ಕಡೆ ಬಾಣದ ಹಾಗೆ ಹೋಗುತ್ತದೆ. ಎಳೆದ ಗಾಳಿ ಸುತ್ತಲಿನ ಎಲ್ಲ ದಿಕ್ಕಿನಿಂದ ಬರುತ್ತದೆ. ನೀರೂ ಹಾಗೆಯೇ. ಅದಕ್ಕೇ ದೋಣಿ ಮುಂದೆ ಹೋಗುತ್ತದೆ. ಇದನ್ನು ನೀವೂ ಇವತ್ತೇ ಮನೆಯಲ್ಲಿ ಮಾಡಿ ನೋಡಬಹುದು.

ಇನ್ನು ತ್ರಾಸುಗಳು.

ಮೊದಲನೇ ತ್ರಾಸು ನೀರು. ನಮ್ಮ ಓಣಿಯಲ್ಲಿ ನಳದ ನೀರು ದಿನಾಲು ಬರುವುದಿಲ್ಲ. ನಾನು ಬುಟ್ಟಿ ನೀರು ಕೇಳಿದ ಕೂಡಲೇ ಅವ್ವ, "ನಳಾ ಬಂದ ನಾಕ ದಿನಾ ಆತು. ಇಕಿಗೆ ದೋಣಿ ಬಿಡಾಕ ನೀರ ಬೇಕಂತ ನೀರ!" ಎಂದು ಬೈದಳು. ಆಗ ಅಜ್ಜ ಒಂದು ಉಪಾಯ ಹೇಳಿದ. ನಮ್ಮ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿ ಹಿತ್ತಲಲ್ಲಿದೆ. ಸಂಜೆಗೆ ಹೆಂಗೂ ಅದಕ್ಕೆ ನೀರು ತುಂಬುತ್ತಾರೆ. ಎಮ್ಮೆ ಮೇಯ್ದು ಬರುವುದರೊಳಗೆ ಅದರಲ್ಲೇ ಆಟ ಮುಗಿಸಬೇಕು. ನಮ್ಮ ಭಾಷೆಯಲ್ಲಿ ಅದಕ್ಕೂ ದೋಣಿ, ಇದಕ್ಕೂ ದೋಣಿ. ದೋಣಿಯೊಳಗೆ ದೋಣಿ ಬಿಟ್ಟವರು ನಾವೇ ಇರಬೇಕು! ಅವ್ವ ಎರಡು ಷರತ್ತು ಹಾಕಿದಳು. ನೀರು ಚೆಲ್ಲಬಾರದು, ಎಣ್ಣೆ ಬೀಳಬಾರದು. ಎಣ್ಣೆ ಬಿದ್ದರೆ ಎಮ್ಮೆ ಮೂಸಿ ನೋಡಿ ಕುಡಿಯದೆ ಹೋಗುತ್ತದೆ. ಹಂಗಾಗಿ ಎಣ್ಣೆ ಬತ್ತಿ ಬಿಟ್ಟು ಮೇಣದಬತ್ತಿಯ ತುಂಡು ಇಡಲು ಶುರು ಮಾಡಿದೆ.

ಎರಡನೇ ತ್ರಾಸು ಗಾಳಿ. ಇದರಲ್ಲಿ ಎರಡು ತರಹ. ಒಂದು ಒಳಗಿನ ಗಾಳಿ. ಕೊಳವೆಯಲ್ಲಿ ಗಾಳಿ ಉಳಿದರೆ ದೋಣಿ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ಔಷಧ ಹಾಕುವ ಡ್ರಾಪರಿನಿಂದ ಒಂದು ಕೊಳವೆಗೆ ನೀರು ಹಾಕುತ್ತಾ ಹೋಗಬೇಕು. ಇನ್ನೊಂದು ಕೊಳವೆಯಿಂದ ನೀರು ಹೊರಗೆ ಬರಬೇಕು. ಆಗ ಎರಡೂ ಬಾಯಿಗಳನ್ನು ಬೆರಳಿನಿಂದ ಮುಚ್ಚಿ ನೀರಿನಲ್ಲಿ ಇಳಿಸಿ ಬೆರಳು ತೆಗೆಯಬೇಕು. ಇನ್ನೊಂದು ಹೊರಗಿನ ಗಾಳಿ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಅಷ್ಟು ದೊಡ್ಡ ರೆಕ್ಕೆ ತಿರುಗಿಸುವ ಗಾಳಿ ನಮ್ಮ ಬೆರಳುದ್ದದ ಬತ್ತಿಯನ್ನು ಬಿಡುತ್ತದೆಯೇ? ಹಚ್ಚಿದ್ದೇ ಆರಿಸಿತು, ಹಚ್ಚಿದ್ದೇ ಆರಿಸಿತು. ಒಂದು ಸಂಜೆಗೆ ಅರ್ಧ ಬೆಂಕಿಪೆಟ್ಟಿಗೆ ಖಾಲಿ. ಕೊನೆಗೆ ತಗಡಿನ ತುಂಡನ್ನು ಬಾಗಿಸಿ ಜ್ವಾಲೆಯ ಮೂರು ಕಡೆ ಗೋಡೆ ಮಾಡಿದೆ. ನಾಲ್ಕನೇ ಕಡೆ ಬಿಟ್ಟೆ, ಯಾಕಂದರೆ ಉರಿಯಲು ಗಾಳಿ ಬೇಕು.

ಮೂರನೇ ತ್ರಾಸು, ದೋಣಿ ನೆಟ್ಟಗೆ ಹೋಗದೆ ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಎರಡು ಕೊಳವೆಯ ಬಾಯಿಗಳು ಒಂದೇ ದಿಕ್ಕಿಗೆ ಇರಲಿಲ್ಲ. ಅವುಗಳನ್ನು ನಿಧಾನವಾಗಿ ಸರಿಪಡಿಸಿ, ಹಿಂದೆ ಒಂದು ಸಣ್ಣ ತಗಡನ್ನು ಬಾಲದ ಹಾಗೆ ಕೂಡಿಸಿದ ಮೇಲೆ ನೆಟ್ಟಗಾಯಿತು.

ಹೀಗೆ ಮಳೆಗಾಲ ಕಳೆದು ದೀಪಾವಳಿ ಬರುವುದರೊಳಗೆ ದೋಣಿ ಚೆನ್ನಾಗಿ ಓಡಲು ಕಲಿಯಿತು. ದಿನಾ ಸಂಜೆ ಅಜ್ಜ ಹಿತ್ತಲ ಕಟ್ಟೆಯ ಮೇಲೆ ಕುಳಿತು ಸಪ್ಪಳ ಕೇಳುತ್ತಿದ್ದ. ಅವನು ಕಣ್ಣಿಲ್ಲದೆಯೂ ದೋಣಿಯನ್ನು ನಮಗಿಂತ ಚೆನ್ನಾಗಿ ನೋಡುತ್ತಿದ್ದ. "ಸಪ್ಪಳ ಸಣ್ಣಗಾತು, ಬತ್ತಿ ತೀರಾಕ ಬಂದೈತಿ ನೋಡು" ಅನ್ನುತ್ತಿದ್ದ. ಹೋಗಿ ನೋಡಿದರೆ ಹೌದೇ ಹೌದು!

ನಾಲ್ಕನೇ ತ್ರಾಸು ನಮ್ಮ ಎಮ್ಮೆ. ಸಂಕ್ರಾಂತಿ ಆದ ಮೇಲೆ ಒಂದು ದಿನ ಅದು ಹೊತ್ತಿಗೆ ಮುಂಚೆಯೇ ಹಗ್ಗ ಹರಿದುಕೊಂಡು ಮನೆಗೆ ಬಂತು. ಬಂದದ್ದೇ ಸೀದಾ ಕಲ್ಲುದೋಣಿಗೆ ಬಾಯಿ ಹಾಕಿತು. ಅದರ ಮೂತಿ ತಾಗಿ ನಮ್ಮ ದೋಣಿ ಕಲ್ಲಿನ ಅಂಚಿಗೆ ಒರಗಿ ನಿಂತಿತು. ಕೊಳವೆಯ ಬಾಯಿ ನೀರಿನಿಂದ ಮೇಲೆ ಬಂತು. ಎಮ್ಮೆಯನ್ನು ಎಳೆದು ಕಟ್ಟುವಷ್ಟರಲ್ಲಿ ಡಬ್ಬಿಯ ನೀರೆಲ್ಲ ಆರಿ, ಬೆಸುಗೆ ಕರಗಿ, ಮೇಲಿನ ತೆಳು ತಗಡು ಬಿಚ್ಚಿಕೊಂಡಿತು. ನೀರಿದ್ದಾಗ ಬೆಂಕಿಯ ಮೇಲಿದ್ದರೂ ಡಬ್ಬಿಯ ಬಿಸಿ 100 ಡಿಗ್ರಿಯ ಆಸುಪಾಸು ಇರುತ್ತದೆ. ಸೀಸ ಮತ್ತು ತವರದ ಬೆಸುಗೆ ಕರಗಲು 180 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಅಂದರೆ ನೀರೇ ಡಬ್ಬಿಯನ್ನು ಕಾಪಾಡುತ್ತಿತ್ತು. ನೀರು ಹೋಯಿತು, ಡಬ್ಬಿಯೂ ಹೋಯಿತು.

ಮರುದಿನ ಸಂಜೆ ಅಜ್ಜ ಕಟ್ಟೆಗೆ ಬಂದು ಕುಳಿತ. ಬಹಳ ಹೊತ್ತು ಸುಮ್ಮನೆ ಇದ್ದು, "ಇವತ್ತ ಬಂಡಿ ಲೇಟ್ ಐತೇನವ್ವಾ?" ಅಂದ. ನನಗೆ ಗಂಟಲು ಕಟ್ಟಿತು.

ನನ್ನ ಕಾಕಾ ಮುಂಡರಗಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಮಾಡುತ್ತಾನೆ. ರವಿವಾರ ಊರಿಗೆ ಬಂದಾಗ ತೋರಿಸಿದೆ. "ಇಷ್ಟ ತೆಳು ತಗಡ ನನ್ನ ಕಡೆ ಇಲ್ಲ. ಅದರ ಬದ್ಲಿ ಬೆಸಗೀನ ಇಲ್ಲದ ದೋಣಿ ಮಾಡೂಣು" ಅಂದ. ಪರಿಚಯದ ಫ್ರಿಜ್ ರಿಪೇರಿ ಅಂಗಡಿಯಿಂದ ಒಂದು ಮೊಳ ಮೆತ್ತನೆಯ ತಾಮ್ರದ ಕೊಳವೆ ತಂದ. ಅದನ್ನು ಹಾಗೆಯೇ ಬಾಗಿಸಿದರೆ ಚಪ್ಪಟೆಯಾಗಿ ಬಾಯಿ ಮುಚ್ಚುತ್ತದೆ. ಅದಕ್ಕೆ ನಾವು ಒಣಗಿದ ಸಣ್ಣ ಉಸುಕನ್ನು ತುಂಬಿ, ಎರಡು ಕಡೆ ಬಿರಡೆ ಹಾಕಿ, ದಪ್ಪನೆಯ ಪೆನ್ನಿಗೆ ಮೂರು ಸುತ್ತು ಸುತ್ತಿದೆವು. ಆಮೇಲೆ ತಟ್ಟಿ ತಟ್ಟಿ ಉಸುಕು ತೆಗೆದೆವು. ಈ ಸುರುಳಿಯೇ ಡಬ್ಬಿ, ಇದರ ಎರಡು ತುದಿಗಳೇ ಕೊಳವೆ. ದೋಣಿಯ ಮೈಯನ್ನು ಖಾಲಿ ಎಣ್ಣೆ ಡಬ್ಬಿಯ ತಗಡಿನಿಂದ ಕಾಕಾ ಕತ್ತರಿಸಿ ಕೊಟ್ಟ. ಅಂಚುಗಳನ್ನು ಮಡಚಿ ಬಡಿದೆವು, ಇಲ್ಲದಿದ್ದರೆ ಕೈ ಕೊಯ್ಯುತ್ತದೆ.

ಅಷ್ಟರಲ್ಲಿ ಫೆಬ್ರವರಿ 28 ಬಂತು. ಸರ್ ಸಿ.ವಿ. ರಾಮನ್ನರು 1928ರಲ್ಲಿ ರಾಮನ್ ಪರಿಣಾಮವನ್ನು ಪ್ರಕಟಿಸಿದ ದಿನವೆಂದು ಅದನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಾರೆ. ನಮ್ಮ ತರಗತಿಯಿಂದ ದೋಣಿ ತೋರಿಸುವುದೆಂದು ಗುರುಗಳು ಹೆಸರು ಬರೆದುಕೊಂಡರು. ಆದರೆ ದೋಣಿ ಬಿಡಲು ಜಾಗ? ಕೃಷಿ ಹೊಂಡಕ್ಕೆ ಹೋಗೋಣ ಎಂದು ಯಾರೋ ಹೇಳಿದರು. ಗುರುಗಳು ಸಿಟ್ಟಾದರು. ಹೊಂಡದ ಪ್ಲಾಸ್ಟಿಕ್ ಜಾರುತ್ತದೆ, ಬಿದ್ದವರು ಹತ್ತಿ ಬರಲಾರರು, ಅದರ ಹತ್ತಿರವೂ ಹೋಗಬಾರದು ಅಂದರು. ಆಮೇಲೆ ಅವರೇ ದಾರಿ ತೋರಿಸಿದರು. ಶಾಲೆಯ ಅಂಗಳದಲ್ಲಿ 2 ಮೀಟರ್ ಉದ್ದ, 1 ಮೀಟರ್ ಅಗಲಕ್ಕೆ ಇಟ್ಟಿಗೆ ಜೋಡಿಸಿ ಮೇಲೆ ತಾಡಪತ್ರಿ ಹಾಸಿದೆವು. 5 ಸೆಂಟಿಮೀಟರ್ ಆಳಕ್ಕೆ 100 ಲೀಟರ್ ನೀರು ಬೇಕು ಎಂದು ಲೆಕ್ಕ ಮಾಡಿದೆವು. ಆರನೇ ಮತ್ತು ಏಳನೇ ತರಗತಿಯವರು ತಲಾ ಎರಡೆರಡು ಚೊಂಬು ನೀರು ಮನೆಯಿಂದ ತಂದಿರಿ. ನಿಮಗೆ ನೆನಪಿದೆ ಅಲ್ಲವೇ? ಆ ದಿನ ನನ್ನ ಅವ್ವ ಕೇಳದೆಯೇ ನಾಲ್ಕು ಚೊಂಬು ತುಂಬಿ ಕೊಟ್ಟಳು.

ಮೇಣದಬತ್ತಿ ಹಚ್ಚಿದ ಮೇಲೆ ದೋಣಿ ಸ್ವಲ್ಪ ಹೊತ್ತು ಅಲುಗಲಿಲ್ಲ. ಹಿಂದಿನಿಂದ ಯಾರೋ, "ಹುಡುಗ್ಯಾರು ಮಾಡಿದ್ದು, ಹೆಂಗ ಹೊಂಟೀತು" ಅಂದರು. ನನ್ನ ಎದೆ ಡವಡವ ಎನ್ನುತ್ತಿತ್ತು. ಅಷ್ಟರಲ್ಲಿ ಕೊಳವೆಯ ಬಾಯಲ್ಲಿ ನೀರು ನಡುಗಿತು. ದೋಣಿ ಮೆಲ್ಲಗೆ ಸರಿಯಿತು, ಆಮೇಲೆ ನೆಟ್ಟಗೆ ಹೋಗಿ ಆಚೆ ದಂಡೆ ಮುಟ್ಟಿತು. ಮೂರು ಸಲ ಓಡಿಸಿ ಗಡಿಯಾರ ನೋಡಿದೆವು. 24, 22, 23 ಸೆಕೆಂಡು. ಸರಾಸರಿ 23. ಅಂದರೆ ಗಂಟೆಗೆ 313 ಮೀಟರ್ ವೇಗ.

ಗುರುಗಳು ಆಗ ಎಲ್ಲರಿಗೂ ಉಗಿಹಡಗಿನ ಕಥೆ ಹೇಳಿದರು. 1807ರಲ್ಲಿ ಅಮೇರಿಕೆಯ ರಾಬರ್ಟ್ ಫುಲ್ಟನ್ನರ ಉಗಿಹಡಗು ಹಡ್ಸನ್ ನದಿಯಲ್ಲಿ ನ್ಯೂಯಾರ್ಕಿನಿಂದ ಆಲ್ಬನಿಗೆ ಸುಮಾರು 240 ಕಿಲೋಮೀಟರ್ ದೂರವನ್ನು 32 ಗಂಟೆಗಳಲ್ಲಿ ಹೋಯಿತು. ನಮ್ಮ ದೇಶದಲ್ಲಿ 1823ರಲ್ಲಿ ಕಲಕತ್ತೆಯಲ್ಲಿ ಡಯಾನಾ ಎಂಬ ಉಗಿಹಡಗನ್ನು ನೀರಿಗಿಳಿಸಿದರು. ಆ ದೊಡ್ಡ ಹಡಗುಗಳಲ್ಲಿ ಉಗಿ ಕೊಂತವನ್ನು ನೂಕಿ ಚಕ್ರ ತಿರುಗಿಸುತ್ತಿತ್ತು. ನಮ್ಮದರಲ್ಲಿ ಕೊಂತವೂ ಇಲ್ಲ, ಚಕ್ರವೂ ಇಲ್ಲ. ಇಂಥ ಆಟಿಗೆ ದೋಣಿಗೆ 1891ರಲ್ಲಿ ಥಾಮಸ್ ಪಿಯೋ ಎಂಬ ಫ್ರೆಂಚರು ಇಂಗ್ಲೆಂಡಿನಲ್ಲಿ ಪೇಟೆಂಟ್ ಕೇಳಿದರು. ಸಪ್ಪಳ ಮಾಡುವ ತೆಳು ತಗಡಿನ ದೋಣಿಗೆ 1915ರಲ್ಲಿ ಅಮೇರಿಕೆಯ ಚಾರ್ಲ್ಸ್ ಮ್ಯಾಕ್‌ಹ್ಯೂ ಅರ್ಜಿ ಹಾಕಿದರು. ಫುಲ್ಟನ್ನರ ಹಡಗಿನ ವೇಗ ಗಂಟೆಗೆ ಏಳೂವರೆ ಕಿಲೋಮೀಟರ್. ಭಾಗಿಸಿ ನೋಡಿದರೆ ನಮಗಿಂತ ಅದು 24 ಪಟ್ಟು ಜೋರು. ಆದರೆ ಅದಕ್ಕೆ ಎಷ್ಟು ಕಟ್ಟಿಗೆ ಬೇಕಾಯಿತೋ! ನಮ್ಮದು ಒಂದೇ ತುಂಡು ಮೇಣದಬತ್ತಿಯಲ್ಲಿ ಮುಗಿಯಿತು.

ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಬಹಳ ಸಂತೋಷವಾಯಿತು. ಆದರೆ ಅಂಗಳದ ಬೇವಿನ ಗಿಡದ ಕೆಳಗೆ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜ ಮಾತ್ರ ಕಿವಿ ಕೊಟ್ಟು ಕಾಯುತ್ತಲೇ ಇದ್ದ. ನಾನು ಓಡಿ ಹೋದಾಗ, "ಚಪ್ಪಾಳಿ ಯಾಕ ತಟ್ಟಿದ್ರು? ಹೊಂಟಿತೇನು? ಸಪ್ಪಳ ಕೇಳಲಿಲ್ಲಲ್ಲಾ" ಅಂದ. ತಾಮ್ರದ ಸುರುಳಿಗೆ ತೆಳು ತಗಡು ಇಲ್ಲ, ಅದಕ್ಕೆ ಅದು ಓಡುವಾಗ ಪಟಪಟ ಎನ್ನುವುದಿಲ್ಲ. ಇಡೀ ಶಾಲೆ ನೋಡಿದ ದೋಣಿ ಅಜ್ಜನ ಪಾಲಿಗೆ ಹೊರಟೇ ಇರಲಿಲ್ಲ.

ಅವತ್ತೇ ನಾನು ಕಾಕಾನಿಗೆ ಫೋನ್ ಮಾಡಿ, ಹಳೇ ದೋಣಿಗೆ ಹೆಂಗಾದರೂ ಸಪ್ಪಳ ಬರಬೇಕು ಅಂದೆ. ತಂಪು ಪಾನೀಯದ ಡಬ್ಬಿಯ ತಗಡು ತೆಳು ಇರುತ್ತದಲ್ಲ, ಅದನ್ನು ಕೂಡಿಸೋಣ ಎಂದು ಮೊದಲು ನೋಡಿದೆವು. ಅದು ಅಲ್ಯೂಮಿನಿಯಂ, ಅದಕ್ಕೆ ಸಾದಾ ಬೆಸುಗೆ ಹಿಡಿಯುವುದೇ ಇಲ್ಲ. ಮಣಿಯಾಗಿ ಉರುಳಿ ಬಿದ್ದುಬಿಡುತ್ತದೆ. ಆಮೇಲೆ ಕಾಕಾ ಮೋಟಾರು ಕೂಡಿಸುವಾಗ ಸಂದಿಗೆ ಇಡುವ ಹಿತ್ತಾಳೆ ಶಿಮ್ ಹಾಳೆ ತಂದ. ಅದನ್ನು ಕತ್ತರಿಸಿ ಹಳೇ ಡಬ್ಬಿಗೆ ಬೆಸೆದ. ನೀರಿಗೆ ಬಿಟ್ಟರೆ ದೋಣಿ ಓಡಿತು, ಸಪ್ಪಳ ಮಾತ್ರ ಇಲ್ಲ. ಹಾಳೆ ದಪ್ಪವಾಗಿತ್ತು. ಮುಂದಿನ ರವಿವಾರ ಅದಕ್ಕಿಂತ ತೆಳುವಾದದ್ದು ತಂದ. ಈ ಸಲ ಕೊಳವೆಗೆ ಬಾಯಿ ಇಟ್ಟು ಊದಿ ಎಳೆದರೆ, ಟಿಕ್ ಟಿಕ್ ಎಂದಿತು. ಅಜ್ಜನ ಮುಖ ಈ ಕಡೆ ತಿರುಗಿತು.

ಅಂದು ಸಂಜೆ ಎಮ್ಮೆಯನ್ನು ಎರಡು ಹಗ್ಗದಲ್ಲಿ ಕಟ್ಟಿದ್ದೆವು. ಅವ್ವನೂ ರೊಟ್ಟಿ ಬಡಿಯುವುದನ್ನು ಬಿಟ್ಟು ಹಿತ್ತಲಿಗೆ ಬಂದಳು. ಬತ್ತಿ ಹಚ್ಚಿ ಬಿಟ್ಟೆ. ಪಟ್... ಪಟ್... ಪಟಪಟಪಟಪಟ! ಅಜ್ಜ ಕೋಲನ್ನು ಎತ್ತಿ, "ಗದಗ ಬಿಟ್ಟಿತು" ಅಂದ. ದೋಣಿ ನಡುವೆ ಬಂದಾಗ, "ಹುಲಕೋಟಿ ಬಂತು ನೋಡವ್ವಾ" ಅಂದ. ಆಚೆ ಅಂಚಿಗೆ ತಾಗಿದಾಗ, "ಅಣ್ಣಿಗೇರಿ! ಇಳೀರಿ ಇಳೀರಿ" ಎಂದು ನಕ್ಕ. ನಾವೆಲ್ಲ ನಕ್ಕೆವು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಬಂತು ಅಂದಳು, ಆದರೆ ಮೇಣದಬತ್ತಿಗೆ ಅಷ್ಟು ಹೊಗೆ ಬರುವುದಿಲ್ಲ.

ಗೆಳೆಯ ಗೆಳತಿಯರೇ, ನಿಮಗೂ ದೋಣಿ ಮಾಡುವ ಆಸೆ ಇದ್ದರೆ ಈ ಮಾತುಗಳನ್ನು ನೆನಪಿಡಿರಿ. ತಗಡು ಕತ್ತರಿಸುವುದನ್ನು, ಬೆಸುಗೆ ಹಾಕುವುದನ್ನು ದೊಡ್ಡವರ ಕೈಯಿಂದಲೇ ಮಾಡಿಸಿರಿ. ಬೆಂಕಿ ಹಚ್ಚುವಾಗ ಹತ್ತಿರ ಒಬ್ಬರು ದೊಡ್ಡವರು ಇರಲಿ. ಕೊಳವೆಯ ಬಾಯಿಯನ್ನು ಎಂದೂ ಮುಚ್ಚಿ ಕಾಯಿಸಬೇಡಿರಿ, ಉಗಿಗೆ ದಾರಿ ಇಲ್ಲದಿದ್ದರೆ ಡಬ್ಬಿ ಸಿಡಿಯುತ್ತದೆ. ಓಡಿದ ಮೇಲೆ ಆರುವವರೆಗೆ ಮುಟ್ಟಬೇಡಿರಿ. ಹೊಂಡ, ಬಾವಿಯ ಹತ್ತಿರ ಹೋಗಬೇಡಿರಿ. ನೀರನ್ನು ಚೆಲ್ಲಬೇಡಿರಿ. ವಿಜ್ಞಾನ ದಿನದ 100 ಲೀಟರ್ ನೀರನ್ನು ನಾವು ಶಾಲೆಯ ಗಿಡಗಳಿಗೆ ಹಾಕಿದೆವು.

ಈ ಶನಿವಾರ ಮುಂಜಾನೆಯ ಸಾಲಿ ಬಿಟ್ಟ ಮೇಲೆ ಗುರುಗಳ ಅಪ್ಪಣೆಯಂತೆ ಅಂಗಳದಲ್ಲಿ ಎರಡೂ ದೋಣಿಗಳ ಓಟ ಇರುತ್ತದೆ. ಸಪ್ಪಳ ಇದ್ದದ್ದು ಗೆಲ್ಲುತ್ತದೋ, ಇಲ್ಲದ್ದು ಗೆಲ್ಲುತ್ತದೋ ನೋಡೋಣ. ಅಜ್ಜನೇ ಸೀಟಿ ಊದುತ್ತಾನೆ. ಎಲ್ಲರೂ ಬನ್ನಿರಿ. ಬರುವಾಗ ಮರೆಯದೆ ಒಂದೊಂದು ಚೊಂಬು ನೀರು ತನ್ನಿರಿ.

ಏಳನೇ ತರಗತಿಯ ವಿದ್ಯಾರ್ಥಿನಿ,
ಹಿರೇವಡ್ಡಟ್ಟಿ